ಚಾರ್ಮಾಡಿಯ ತಿರುವಿನಲ್ಲಿ ಬೈಕು ಮಾತು ಕೇಳುತ್ತಿಲ್ಲ: ವೇಗ ಮತ್ತು ಹಿಡಿತದ ಲೆಕ್ಕಾಚಾರ ತಿಳಿದವರು ಹೇಳುವಿರಾ?

ಮೂಡಿಗೆರೆ ಸವಾರ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಹಾಸನದಲ್ಲಿ ಒಬ್ಬರಿಂದ ಯಮಹಾ ಆರ್15 ಬೈಕನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. 2018ರಲ್ಲಿ ಬಂದ 155 ಸಿಸಿಯ ಮೂರನೆಯ ಆವೃತ್ತಿ. ಎಂಜಿನ್ನಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯತೊಡಗಿದರೆ, ಎಡಕ್ಕೊಂದು ಬಲಕ್ಕೊಂದು ಎಂದು ಬೆನ್ನುಬೆನ್ನಿಗೆ ಬರುವ ತಿರುವುಗಳಲ್ಲಿ ಬೈಕು ನನ್ನ ಮಾತು ಕೇಳುವುದೇ ಇಲ್ಲ. ವಾಲಿಸಬೇಕಾದರೆ ಹ್ಯಾಂಡಲ್ಲನ್ನು ಬಲವಾಗಿ ತಳ್ಳಬೇಕು, ವಾಲಿದ ಮೇಲೆ ಒಮ್ಮೆಲೇ ಒಳಕ್ಕೆ ಬಿದ್ದಂತಾಗುತ್ತದೆ. ಕಡೂರು ರಸ್ತೆಯ ನೇರ ಭಾಗದಲ್ಲಿ ಹೋಗುವಾಗಲೂ ಹ್ಯಾಂಡಲ್ ಸಣ್ಣಗೆ ಅತ್ತಿತ್ತ ಹುಡುಕಾಡುತ್ತಿರುತ್ತದೆ.

ಹಿಂದಿನ ಮಾಲೀಕರು ಎರಡು ಬದಲಾವಣೆ ಮಾಡಿಸಿದ್ದರು. ಹಿಂದಿನ ಚಕ್ರಕ್ಕೆ ಕಂಪನಿ ಕೊಟ್ಟ 140/70 ಅಳತೆಯ ಟೈರಿನ ಬದಲು 150/60 ಹಾಕಿಸಿದ್ದಾರೆ. ತಮಗೆ ಕಾಲು ನೆಲಕ್ಕೆ ಸಿಗಲೆಂದು ಹಿಂದಿನ ಶಾಕನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ಪ್ಲೇಟು ಬದಲಿಸಿ ಹಿಂಭಾಗವನ್ನು ಸುಮಾರು ಒಂದು ಇಂಚು ಇಳಿಸಿದ್ದಾರೆ. ಗೆಳೆಯರೊಬ್ಬರು ಇನ್ನೂ ಅಗಲದ ಟೈರ್ ಹಾಕಿಸಿದರೆ ಹಿಡಿತ ಹೆಚ್ಚಿ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಇದರ ಜೊತೆಗೆ ಕುತೂಹಲದ ಪ್ರಶ್ನೆಯೊಂದಿದೆ. ಅದೇ ಗೆಳೆಯರ ಬಳಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. ಅದಕ್ಕೂ ನನ್ನದಕ್ಕೂ ಕುದುರೆ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಎರಡೂ 20ರ ಆಸುಪಾಸು. ಹಾಗಿದ್ದರೂ 110ರ ಮೇಲೆ ಅವರ ಗಾಡಿ ಹಿಂದುಳಿಯುತ್ತದೆ. ಏಕೆ?

ಹಾಸನದ ಮೇಷ್ಟ್ರು

ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಲೆಕ್ಕದಲ್ಲೇ ಸಿಗುತ್ತದೆ. ನಾನು ಮೆಕ್ಯಾನಿಕಲ್ ಪಾಠ ಹೇಳುವವನು. ಬೋರ್ಡಿನ ಚಟ ಇಲ್ಲೂ ಬಿಡುವುದಿಲ್ಲ, ಕ್ಷಮಿಸಿ.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಫೇರಿಂಗಿನ (ಬೈಕಿನ ಮುಂಭಾಗದ ಗಾಳಿಕವಚದ) ಹಿಂದೆ ಮೈ ಮಡಚಿ ಕುಳಿತ ಸವಾರನೂ ಬೈಕೂ ಸೇರಿ ಗಾಳಿಗೆ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣ 0.35 ಚದರ ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯೊಂದನ್ನೇ ಸೀಳಲು ಸುಮಾರು 6 ಕುದುರೆ ಶಕ್ತಿ ಸಾಕು, 200ರಲ್ಲಿ 48 ಬೇಕು, 300ರಲ್ಲಿ 160ಕ್ಕೂ ಮಿಕ್ಕಿ ಬೇಕು. ಸಾವಿರ ಸಿಸಿಯ ದೊಡ್ಡ ಬೈಕುಗಳ 200 ಕುದುರೆ ಶಕ್ತಿಯ ಬಹುಪಾಲು ಎಲ್ಲಿ ಖರ್ಚಾಗುತ್ತದೆ ಎಂಬುದು ಈಗ ಹೊಳೆದಿರಬಹುದು.

ನಿಮ್ಮ ಗೆಳೆಯರು ಎದೆಯುಬ್ಬಿಸಿ ನೆಟ್ಟಗೆ ಕೂರುತ್ತಾರೆ, ಗಾಡಿಗೆ ಫೇರಿಂಗ್ ಇಲ್ಲ. ಅವರ ವಿಸ್ತೀರ್ಣವನ್ನು 0.6 ಎನ್ನೋಣ. ಹಿಂದಿನ ಚಕ್ರಕ್ಕೆ ತಲುಪುವ ಶಕ್ತಿ ಎರಡಕ್ಕೂ ಸುಮಾರು 15 ಕುದುರೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಅವರ ಗಾಡಿ 115ರ ಹತ್ತಿರ ನಿಲ್ಲುತ್ತದೆ, ನಿಮ್ಮದು 130 ದಾಟುತ್ತದೆ. ಎಂಜಿನ್ ಸೋತದ್ದಲ್ಲ, ಗಾಳಿ ಗೆದ್ದದ್ದು.

ಯೆಜ್ಡಿ ಪ್ಲಾಂಟರ್

ಮೇಷ್ಟ್ರೇ, ಗಾಳಿಯ ಮಾತು ಒಪ್ಪಿದೆ. ಆದರೆ ನಮ್ಮ ಆಲ್ದೂರು ಕಡೆಯ ಏರಿನಲ್ಲಿ 110 ಹೋಗುವವರು ಯಾರು? ಹಿಂದೆ ಒಬ್ಬರನ್ನು ಕೂರಿಸಿಕೊಂಡು ಕಡಿದಾದ ತೋಟದ ರಸ್ತೆ ಹತ್ತುವಾಗ ಎಣಿಕೆಗೆ ಬರುವುದು ಟಾರ್ಕು, ಅಂದರೆ ಎಂಜಿನ್ನಿನ ತಿರುಚುವ ಬಲ. ಕ್ಲಾಸಿಕ್ 350 ಕೊಡುವುದು 27 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ ಬರೀ 4,000 ಸುತ್ತಿನಲ್ಲಿ. ಈ ಹುಡುಗರ ಆರ್15 ಕೊಡುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅದೂ 8,500 ಸುತ್ತು ಕಿರುಚಿದ ಮೇಲೆ. ನನ್ನದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಎರಡು ಸ್ಟ್ರೋಕಿನ ಯೆಜ್ಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಮಾತ್ರ ಇಂದಿಗೂ ಗೊಣಗದೆ ಏರು ಹತ್ತುತ್ತದೆ.

ಇನ್ನೊಂದು ವಿಷಯ. ಮುಳ್ಳಯ್ಯನಗಿರಿಯ ಕಡೆ ಹೋದಾಗ ಎಲ್ಲ ಗಾಡಿಗಳೂ ಏದುಸಿರು ಬಿಡುತ್ತವಲ್ಲ, ಅದಕ್ಕೂ ಗಾಳಿಯೇ ಕಾರಣವೇ?

ಹಾಸನದ ಮೇಷ್ಟ್ರು

ಹೌದು, ಅದೇ ಗಾಳಿ, ಆದರೆ ಈ ಸಲ ಅದರ ಕೊರತೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರವಿದೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಆರನೆಯ ಒಂದು ಭಾಗದಷ್ಟು ಕಡಿಮೆ. ಸಿಲಿಂಡರಿಗೆ ಹೋಗುವ ಆಮ್ಲಜನಕ ಕಡಿಮೆಯಾದರೆ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕು ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಂಡು ಮಿಶ್ರಣವನ್ನು ಸರಿಯಿಡುತ್ತದೆಯೇ ಹೊರತು ಹೋದ ಶಕ್ತಿಯನ್ನು ತಂದುಕೊಡುವುದಿಲ್ಲ. ನಿಮ್ಮ ಕಾರ್ಬ್ಯುರೇಟರಿಗೆ ಅಷ್ಟು ಬುದ್ಧಿಯೂ ಇಲ್ಲದ್ದರಿಂದ ಯೆಜ್ಡಿ ಮೇಲೆ ಹೋದಂತೆ ಹೆಚ್ಚು ಪೆಟ್ರೋಲ್ ಕುಡಿದು ಹೊಗೆಯುಗುಳುತ್ತದೆ.

ಟಾರ್ಕಿನ ವಿಷಯದಲ್ಲಿ ಮಾತ್ರ ನಿಮ್ಮೊಡನೆ ಅರ್ಧ ಒಪ್ಪುತ್ತೇನೆ. ಏರಿನಲ್ಲಿ ಗಾಡಿಯನ್ನು ಎಳೆಯುವುದು ಎಂಜಿನ್ನಿನ ಟಾರ್ಕಲ್ಲ, ಗೇರು ಮತ್ತು ಸ್ಪ್ರಾಕೆಟ್ಟುಗಳನ್ನು ದಾಟಿ ಹಿಂದಿನ ಚಕ್ರಕ್ಕೆ ತಲುಪುವ ಟಾರ್ಕು. ಸುತ್ತು ಹೆಚ್ಚಿದ್ದರೆ ಗೇರಿನ ಮೂಲಕ ಅದನ್ನು ಟಾರ್ಕಾಗಿ ಬದಲಿಸಿಕೊಳ್ಳಬಹುದು. ಎರಡು ಗೇರು ಇಳಿಸಿ 9,000 ಸುತ್ತಿನಲ್ಲಿ ಹತ್ತಿದರೆ ಆರ್15 ಹಿಂದೆ ಬೀಳುವುದಿಲ್ಲ, ಏಕೆಂದರೆ ಅದು 140 ಕಿಲೋ ಆಸುಪಾಸಿನದು, ಕ್ಲಾಸಿಕ್ 195 ಕಿಲೋ ತೂಗುತ್ತದೆ. ಆದರೆ ಗೇರು ಇಳಿಸದೆ ಸುಮ್ಮನೆ ಹತ್ತಬೇಕೆನ್ನುವ ಸವಾರನಿಗೆ ನಿಮ್ಮ ಮಾತೇ ಸತ್ಯ.

ಸ್ಪೋರ್ಟ್ಸ್ ಬೈಕಿನ ಎಂಜಿನ್ನು ಏಕೆ ಅಷ್ಟು ಸುತ್ತು ತಿರುಗುತ್ತದೆ ಎಂಬುದು ಇಲ್ಲಿಂದಲೇ ತಿಳಿಯುತ್ತದೆ. ಶಕ್ತಿ ಎಂದರೆ ಟಾರ್ಕನ್ನು ಸುತ್ತಿನಿಂದ ಗುಣಿಸಿದ್ದು. ಸಿಸಿ ಹೆಚ್ಚಿಸದೆ ಶಕ್ತಿ ಹೆಚ್ಚಿಸಬೇಕಾದರೆ ಸುತ್ತು ಹೆಚ್ಚಿಸಲೇಬೇಕು. ಆದರೆ ಪಿಸ್ಟನ್ನು ಪ್ರತಿ ಸ್ಟ್ರೋಕಿನ ಕೊನೆಗೂ ನಿಂತು ಹಿಂದಿರುಗುವ ವಸ್ತು, ಅದರ ಸರಾಸರಿ ವೇಗಕ್ಕೊಂದು ಮಿತಿಯಿದೆ. ಕ್ಲಾಸಿಕ್ಕಿನ ಸ್ಟ್ರೋಕ್ (ಪಿಸ್ಟನ್ ಒಮ್ಮೆ ಸಾಗುವ ದೂರ) 85.8 ಮಿ.ಮೀ., 6,100 ಸುತ್ತಿನಲ್ಲೇ ಪಿಸ್ಟನ್ ವೇಗ ಸೆಕೆಂಡಿಗೆ 17 ಮೀಟರ್ ದಾಟುತ್ತದೆ. ಆರ್15ರ ಸ್ಟ್ರೋಕ್ 58.7 ಮಿ.ಮೀ., 10,000 ಸುತ್ತಿನಲ್ಲಿ 19.6 ಮೀಟರ್. 2015ರ ಯಮಹಾ ಆರ್1ರಲ್ಲಿ ಬೋರ್ (ಸಿಲಿಂಡರಿನ ಅಗಲ) 79 ಮಿ.ಮೀ., ಸ್ಟ್ರೋಕ್ ಕೇವಲ 50.9 ಮಿ.ಮೀ. ಹಾಗಾಗಿ 13,500 ಸುತ್ತು ತಿರುಗಿದರೂ ಪಿಸ್ಟನ್ ವೇಗ 23 ಮೀಟರಿನ ಒಳಗೇ ಇರುತ್ತದೆ. ಅಗಲ ಬೋರಿನ ಇನ್ನೊಂದು ಲಾಭವೆಂದರೆ ದೊಡ್ಡ ವಾಲ್ವುಗಳಿಗೆ ಜಾಗ ಸಿಗುತ್ತದೆ. ಕೆಳಗಿನ ಸುತ್ತಿನಲ್ಲಿ ಸೊರಗುವ ದೋಷವನ್ನು ಆರ್15ರಲ್ಲಿ 7,400 ಸುತ್ತಿಗೆ ಕ್ಯಾಮ್ (ವಾಲ್ವು ತೆರೆಯುವ ಉಬ್ಬು) ಬದಲಾಯಿಸುವ ವ್ಯವಸ್ಥೆಯಿಂದ ಸ್ವಲ್ಪ ತುಂಬಿಕೊಟ್ಟಿದ್ದಾರೆ.

ಬೇಲೂರು 390

ಎಂಜಿನ್ನಿನ ಮಾತು ಸಾಕು ಸರ್, ಪಾಪ ಕೇಳಿದವರು ತಿರುವಿನ ಬಗ್ಗೆ ಕೇಳಿದ್ದು. ನಾನು ಕೆಟಿಎಂ ಆರ್‌ಸಿ 390 ಓಡಿಸುತ್ತೇನೆ. ನನ್ನ ತಿಳಿವಳಿಕೆಯ ಪ್ರಕಾರ ಬೈಕನ್ನು ನೆಟ್ಟಗೆ ನಿಲ್ಲಿಸುವುದು ಚಕ್ರಗಳ ಗೈರೋ ಬಲ, ತಿರುಗುವ ಬುಗುರಿಯನ್ನು ನೆಟ್ಟಗೆ ನಿಲ್ಲಿಸುವಂಥದ್ದು. ಟೈರ್ ದೊಡ್ಡದಾದಷ್ಟೂ ಆ ಬಲ ಹೆಚ್ಚಿ ಸ್ಥಿರತೆ ಹೆಚ್ಚುತ್ತದೆ, ನೆಲಕ್ಕೆ ತಾಗುವ ರಬ್ಬರ್ ಹೆಚ್ಚಾದಷ್ಟೂ ಹಿಡಿತ ಹೆಚ್ಚುತ್ತದೆ. ದೊಡ್ಡ ಬೈಕುಗಳೆಲ್ಲ 190 ಅಗಲದ ಟೈರ್ ಹಾಕುವುದು ಅದಕ್ಕೇ ಅಲ್ಲವೇ? ಹಾಗಾಗಿ ಗೆಳೆಯರ ಸಲಹೆ ಅಷ್ಟೇನೂ ತಪ್ಪಲ್ಲ ಎಂದು ನನ್ನ ಅನಿಸಿಕೆ.

ಕೋನ್‌ಸೆಟ್ ಅಣ್ಣ

ಚಿಕ್ಕಮಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವವನು ನಾನು. ಬೇಲೂರಿನ ತಮ್ಮ ಹೇಳಿದ ಮಾತನ್ನು ಕೇಳಿಯೇ ಎಷ್ಟೋ ಹುಡುಗರು ಅಗಲ ಟೈರ್ ಹಾಕಿಸಿಕೊಂಡು, ಮೂರು ತಿಂಗಳಿಗೆ ಮರಳಿ ನನ್ನ ಬಳಿ ಬಂದಿದ್ದಾರೆ.

ರಿಮ್ಮಿನ ಅಗಲ ಅಷ್ಟೇ ಇರುತ್ತದೆ. ಅದರ ಮೇಲೆ ಅಗಲದ ಟೈರ್ ಕೂರಿಸಿದರೆ ಅದರ ಎರಡೂ ಪಕ್ಕೆಗಳು ಒಳಕ್ಕೆ ಒತ್ತಿಕೊಂಡು ನಡುಭಾಗ ಮೇಲೆದ್ದು ಚೂಪಾಗುತ್ತದೆ. ಆಗ ನೆಟ್ಟಗೆ ಹೋಗುವಾಗ ನಡುವಿನ ಸಣ್ಣ ಪಟ್ಟಿಯೊಂದೇ ನೆಲಕ್ಕೆ ತಾಗುತ್ತದೆ, ಅಂದರೆ ಕೊಟ್ಟ ದುಡ್ಡಿಗೆ ರಬ್ಬರ್ ಹೆಚ್ಚಾಗುವ ಬದಲು ಕಡಿಮೆಯೇ ಆಗಿರುತ್ತದೆ. ವಾಲಿಸುವಾಗ ಮೊದಲು ಮೊಂಡುತನ, ಆಮೇಲೆ ಚೂಪು ದಾಟಿದೊಡನೆ ದೊಪ್ಪೆಂದು ಪಕ್ಕಕ್ಕೆ. ಮೂಡಿಗೆರೆಯ ತಮ್ಮ ಬರೆದ ಲಕ್ಷಣ ಇದೇ.

ಆದರೆ ನೇರ ರಸ್ತೆಯಲ್ಲಿ ಹ್ಯಾಂಡಲ್ ಹುಡುಕಾಡುವುದು ಟೈರಿನಿಂದಲೇ ಎಂದು ಹೇಳಲಾರೆ. ಮುಂದಿನ ಚಕ್ರ ನೆಲದಿಂದ ಮೇಲೆದ್ದಿರುವಂತೆ ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹ್ಯಾಂಡಲ್ಲನ್ನು ಒಂದೇ ಬೆರಳಿನಿಂದ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸಿ. ನಟ್ಟನಡುವೆ ಬಂದಾಗ ಯಾವುದೋ ಗುಳಿಯಲ್ಲಿ ಕೂತಂತೆ ಕಚ್ಚಿಕೊಂಡರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ ಎಂದರ್ಥ. ಆಮೇಲೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಟಕ್ ಎಂದು ಸದ್ದಾದರೆ ಸಡಿಲವಾಗಿದೆ. ನಮ್ಮ ಕಡೆಯ ಗುಂಡಿಗಳಿಗೆ ಈ ಭಾಗ ಬೇಗ ಸೋಲುತ್ತದೆ.

ಹಾಸನದ ಮೇಷ್ಟ್ರು

ಅಣ್ಣನವರು ಕೈಯಲ್ಲಿ ಕಂಡುಕೊಂಡದ್ದನ್ನು ನಾನು ಅಂಕಿಯಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ಅದಕ್ಕೆ ಮೊದಲು ಬೇಲೂರಿನವರ ಗೈರೋ ಮಾತು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಗೈರೋ ಪರಿಣಾಮವನ್ನೂ ಟ್ರೇಲನ್ನೂ (ಇದೇನೆಂದು ಮುಂದೆ ಹೇಳುತ್ತೇನೆ) ಇಲ್ಲವಾಗಿಸಿದ ಸೈಕಲ್ಲೊಂದನ್ನು ಕಟ್ಟಿ, ಅದು ಸವಾರನಿಲ್ಲದೆಯೂ ತಾನೇ ನೆಟ್ಟಗೆ ಉರುಳುವುದನ್ನು ತೋರಿಸಿದರು. ಸ್ಥಿರತೆ ಹಲವು ಕಾರಣಗಳು ಸೇರಿ ಆಗುವಂಥದ್ದು. ವೇಗದಲ್ಲಿ ಗೈರೋ ಬಲ ಖಂಡಿತ ಇದೆ, ಆದರೆ ಸ್ಪೋರ್ಟ್ಸ್ ಬೈಕಿನ ವಿನ್ಯಾಸಕಾರರು ಅದನ್ನು ಹೆಚ್ಚಿಸಲು ಅಲ್ಲ, ತಗ್ಗಿಸಲು ಒದ್ದಾಡುತ್ತಾರೆ. ಹಗುರ ರಿಮ್ಮು, ಹಗುರ ಡಿಸ್ಕು ಎಲ್ಲ ಅದಕ್ಕೇ. 2018ರ ಡುಕಾಟಿ ಪಾನಿಗಾಲೆ ವಿ4ರಲ್ಲಿ ಎಂಜಿನ್ನಿನ ಕ್ರ್ಯಾಂಕು ದಂಡವು ಚಕ್ರಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವಂತೆ ಮಾಡಿದ್ದಾರೆ, ಚಕ್ರಗಳ ಗೈರೋ ಬಲವನ್ನು ಒಂದಿಷ್ಟು ಕಳೆದು ಬೈಕು ಬೇಗ ವಾಲಲಿ ಎಂದು.

ಈಗ ಮುಖ್ಯ ವಿಷಯ. ಹ್ಯಾಂಡಲ್ ತಿರುಗುವ ಅಕ್ಷವು ಲಂಬದಿಂದ ಹಿಂದಕ್ಕೆ ಎಷ್ಟು ಒರಗಿದೆ ಎಂಬುದು ರೇಕ್ ಕೋನ. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಂದಿನ ಟೈರು ನೆಲ ತಾಗುವ ಬಿಂದುವಿಗಿಂತ ಸ್ವಲ್ಪ ಮುಂದೆ ನೆಲವನ್ನು ಮುಟ್ಟುತ್ತದೆ. ಆ ಅಂತರವೇ ಟ್ರೇಲ್. ಆಫೀಸಿನ ಕುರ್ಚಿಯನ್ನು ತಳ್ಳಿದಾಗ ಅದರ ಪುಟ್ಟ ಗಾಲಿ ತಾನಾಗಿ ಹಿಂದೆ ಬಂದು ಸಾಲಿಗೆ ನಿಲ್ಲುತ್ತದಲ್ಲ, ಅದೇ ತತ್ವ. ಟ್ರೇಲ್ ಹೆಚ್ಚಿದ್ದರೆ ಚಕ್ರ ನೆಟ್ಟಗಿರಲು ಹಟ ಹಿಡಿಯುತ್ತದೆ, ಕಡಿಮೆಯಿದ್ದರೆ ಬೇಗ ತಿರುಗುತ್ತದೆ, ತೀರಾ ಕಡಿಮೆಯಾದರೆ ಹ್ಯಾಂಡಲ್ ನಡುಗತೊಡಗುತ್ತದೆ. ಕ್ರೂಸರ್ ಬೈಕುಗಳಲ್ಲಿ ರೇಕ್ 30 ಡಿಗ್ರಿಯ ಆಸುಪಾಸು. ಸ್ಪೋರ್ಟ್ಸ್ ಬೈಕುಗಳಲ್ಲಿ 23ರಿಂದ 25 ಡಿಗ್ರಿ, ಟ್ರೇಲ್ ಸುಮಾರಾಗಿ 90ರಿಂದ 105 ಮಿ.ಮೀ.

ಒಂದು ಮಾದರಿ ಲೆಕ್ಕ ನೋಡಿ. ಮುಂದಿನ ಚಕ್ರದ ತ್ರಿಜ್ಯ 300 ಮಿ.ಮೀ., ರೇಕ್ 24 ಡಿಗ್ರಿ, ಫೋರ್ಕಿನ ಆಫ್‌ಸೆಟ್ (ಹ್ಯಾಂಡಲ್ ಅಕ್ಷಕ್ಕಿಂತ ಚಕ್ರದ ಅಚ್ಚು ಮುಂದಿರುವ ದೂರ) 30 ಮಿ.ಮೀ. ಇದ್ದರೆ ಟ್ರೇಲ್ ಸುಮಾರು 101 ಮಿ.ಮೀ. ಬರುತ್ತದೆ. ವೀಲ್‌ಬೇಸ್ (ಎರಡು ಚಕ್ರಗಳ ಅಚ್ಚುಗಳ ನಡುವಣ ದೂರ) 1,325 ಮಿ.ಮೀ. ಇರುವ ಬೈಕಿನಲ್ಲಿ ಹಿಂಭಾಗವನ್ನು 23 ಮಿ.ಮೀ. ಇಳಿಸಿದರೆ ರೇಕ್ ಒಂದು ಡಿಗ್ರಿ ಹೆಚ್ಚುತ್ತದೆ. ನಿಮ್ಮದರಲ್ಲಿ ಲಿಂಕ್ ಪ್ಲೇಟಿನಿಂದ 25 ಮಿ.ಮೀ. ಇಳಿದಿದೆ. ಇದರ ಮೇಲೆ ಟೈರಿನ ಲೆಕ್ಕ: 140ರ ನೂರಕ್ಕೆ 70 ಎಂದರೆ ಪಕ್ಕೆಯ ಎತ್ತರ 98 ಮಿ.ಮೀ., 150ರ ನೂರಕ್ಕೆ 60 ಎಂದರೆ 90 ಮಿ.ಮೀ., ಅಲ್ಲೊಂದು 8 ಮಿ.ಮೀ. ಹೋಯಿತು. ಒಟ್ಟು 33 ಮಿ.ಮೀ., ಸುಮಾರು 1.4 ಡಿಗ್ರಿ, ಟ್ರೇಲಿನಲ್ಲಿ 8ರಿಂದ 9 ಮಿ.ಮೀ. ಏರಿಕೆ. ಕಾಗದದ ಮೇಲೆ ಇದು ಬೆರಳಗಲಕ್ಕಿಂತಲೂ ಕಡಿಮೆ. ಆದರೆ ಕಾರ್ಖಾನೆಯವರು ಸ್ಪೋರ್ಟ್ಸ್ ಬೈಕಿಗೂ ನಿಧಾನದ ಬೈಕಿಗೂ ಇಡುವ ವ್ಯತ್ಯಾಸವೂ ಇಂಥ ಮಿಲಿಮೀಟರುಗಳಲ್ಲೇ ಇರುವುದು. ಹಿಂದಿನ ಮಾಲೀಕರು ತಿಳಿಯದೆಯೇ ಸ್ಪೋರ್ಟ್ಸ್ ಬೈಕನ್ನು ಅರ್ಧ ಕ್ರೂಸರ್ ಮಾಡಿದ್ದಾರೆ.

ದೊಡ್ಡ ಬೈಕುಗಳು 190 ಅಗಲದ ಟೈರ್ ಹಾಕುವುದೇಕೆ ಎಂದರೆ, 200 ಕುದುರೆ ಶಕ್ತಿಯನ್ನು ನೆಲಕ್ಕಿಳಿಸುವಾಗ ಹುಟ್ಟುವ ಬಿಸಿಯನ್ನು ತಾಳಿಕೊಳ್ಳಲು. 19 ಕುದುರೆ ಶಕ್ತಿಯ ಬೈಕು ಮಳೆಗಾಲದ ಚಾರ್ಮಾಡಿಯಲ್ಲಿ ಅಂಥ ಟೈರನ್ನು ಬೆಚ್ಚಗೆ ಸಹ ಮಾಡಲಾರದು. ಟೈರ್ ಅಗಲವಾದಷ್ಟೂ ವಾಲಿದಾಗ ನೆಲ ತಾಗುವ ಜಾಗ ನಡುಗೆರೆಯಿಂದ ಪಕ್ಕಕ್ಕೆ ಹೆಚ್ಚು ಸರಿಯುವುದರಿಂದ, ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಬೈಕನ್ನು ಇನ್ನಷ್ಟು ವಾಲಿಸಬೇಕಾಗುತ್ತದೆ ಎಂಬುದನ್ನೂ ಗಮನಿಸಿ.

ಬೇಲೂರು 390

ಸರಿ ಸರ್, ಟೈರಿನ ವಿಷಯದಲ್ಲಿ ಸೋಲೊಪ್ಪಿದೆ. ಎಷ್ಟು ವಾಲಬೇಕು ಎಂಬುದಕ್ಕೂ ಲೆಕ್ಕವಿದೆಯೇ? ಘಾಟಿಯಲ್ಲಿ ಮೊಣಕಾಲು ತಾಗಿಸುವೆ ಎನ್ನುವ ಹುಡುಗರಿಗೆ ತೋರಿಸಬೇಕು.

ಹಾಸನದ ಮೇಷ್ಟ್ರು

ಇದೆ. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದಲೂ ಗುರುತ್ವವೇಗೋತ್ಕರ್ಷದಿಂದಲೂ ಭಾಗಿಸಿದರೆ ವಾಲುವ ಕೋನದ ಟ್ಯಾಂಜೆಂಟ್ ಸಿಗುತ್ತದೆ. ಬೈಕಿನ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲ. 30 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ದಾಟಲು ಸುಮಾರು 23 ಡಿಗ್ರಿ ವಾಲಿದರೆ ಸಾಕು, 60ರಲ್ಲಿ 43 ಡಿಗ್ರಿ ಬೇಕು. 43 ಡಿಗ್ರಿ ಎಂದರೆ ಟೈರು ತನ್ನ ಮೇಲಿನ ಭಾರದ ನೂರಕ್ಕೆ 94ರಷ್ಟು ಬಲವನ್ನು ಪಕ್ಕಕ್ಕೆ ತಡೆದು ನಿಲ್ಲಬೇಕು. ಒಣಗಿದ ಒಳ್ಳೆಯ ಡಾಂಬರಿನಲ್ಲಿ ಒಳ್ಳೆಯ ಟೈರಿಗೆ ಅದು ಸಾಧ್ಯ. ಸಿಲ್ವರ್ ಓಕಿನ ಎಲೆ ಕೊಳೆತು ಹಾಸಿದ ಒದ್ದೆ ರಸ್ತೆಯಲ್ಲಿ ಅದರ ಅರ್ಧದಷ್ಟು ಹಿಡಿತವೂ ಸಿಗುವುದಿಲ್ಲ. ರೇಸಿನ ಬೈಕುಗಳು 60 ಡಿಗ್ರಿ ದಾಟಿ ವಾಲುವುದನ್ನು ಟಿ.ವಿ.ಯಲ್ಲಿ ನೋಡಿದವರು, ಆ ಟೈರನ್ನು ಓಟಕ್ಕೆ ಮೊದಲು ಹೀಟರ್ ಹೊದಿಸಿ ಬಿಸಿಮಾಡಿರುತ್ತಾರೆ ಎಂಬುದನ್ನೂ ನೋಡಿರಬೇಕಲ್ಲ.

ಯೆಜ್ಡಿ ಪ್ಲಾಂಟರ್

ಮೊಣಕಾಲು ತಾಗಿಸುವ ತಿರುವಿನಲ್ಲೇ ಕೆಂಪು ಬಸ್ಸು ಎರಡೂ ಬದಿ ನುಂಗಿಕೊಂಡು ಬರುತ್ತದೆ ಎಂಬುದು ಲೆಕ್ಕದಲ್ಲಿಲ್ಲ ಮೇಷ್ಟ್ರೇ.

ಮೂಡಿಗೆರೆ ಸವಾರ

ಎಲ್ಲರಿಗೂ ಧನ್ಯವಾದ. ಅಣ್ಣಾ, ನೀವು ಹೇಳಿದಂತೆ ಒಂದು ಬೆರಳಿನ ಪರೀಕ್ಷೆ ಮಾಡಿದೆ. ನಟ್ಟನಡುವೆ ಸ್ಪಷ್ಟವಾಗಿ ಕಚ್ಚಿಕೊಳ್ಳುತ್ತದೆ. ಕೊಳ್ಳುವಾಗ ಪರೀಕ್ಷಿಸಲು ಕರೆದೊಯ್ದ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿ, ಎಲ್ಲ ಸರಿಯಿದೆ ಎಂದು ಹೇಳಿ ಹೋಗಿದ್ದರು.

ಇನ್ನೊಂದು ಸಂದೇಹ. ಒಳ್ಳೆಯ ಹಿಡಿತಕ್ಕೆ ಚಾಸಿ ಗಟ್ಟಿಯಾಗಿರಬೇಕು ಎನ್ನುತ್ತಾರೆ. ಆರ್15ರ ಡೆಲ್ಟಾಬಾಕ್ಸ್ ಎಂಬ ಚಾಸಿಯಲ್ಲಿ ಅಂಥ ವಿಶೇಷವೇನು?

ಬೇಲೂರು 390

ಇದನ್ನು ನಾನು ಹೇಳುತ್ತೇನೆ, ಸ್ವಲ್ಪ ಓದಿಕೊಂಡಿದ್ದೇನೆ. ಹ್ಯಾಂಡಲ್ ಕೂರುವ ಜಾಗವನ್ನೂ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಕೂರುವ ಜಾಗವನ್ನೂ ಆದಷ್ಟು ನೇರವಾದ ದಾರಿಯಲ್ಲಿ ಜೋಡಿಸಬೇಕು ಎಂಬುದೇ ಅದರ ಹಿಂದಿನ ಆಲೋಚನೆ. ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದೇ ಸಾಲಿನಲ್ಲಿ ಇರುವಂತೆ ಕಾಯುವುದು ಆ ಜೋಡಣೆಯೇ. ಹಳೆಯ ಬೈಕುಗಳಲ್ಲಿ ಒಂದು ಪೈಪು ಟ್ಯಾಂಕಿನ ಕೆಳಗೆ ಹೋಗಿ, ಇನ್ನೊಂದು ಎಂಜಿನ್ನಿನ ಕೆಳಗೆ ಸುತ್ತಿಕೊಂಡು ಬಂದು ತಿರುವಿನಲ್ಲಿ ತಿರುಚಿಕೊಳ್ಳುತ್ತಿತ್ತು. ಡೆಲ್ಟಾಬಾಕ್ಸಿನಲ್ಲಿ ಎರಡು ಅಗಲ ತೊಲೆಗಳು ಎಂಜಿನ್ನಿನ ಎರಡೂ ಬದಿಯಿಂದ ನೇರವಾಗಿ ಹಿಂದಕ್ಕೆ ಬರುತ್ತವೆ. ದೊಡ್ಡ ಬೈಕುಗಳಲ್ಲಿ ಅದು ಅಲ್ಯೂಮಿನಿಯಂ, ಆರ್15ರಲ್ಲಿ ಉಕ್ಕು. 2008ರಲ್ಲಿ ಮೊದಲ ಆರ್15 ಬಂದಾಗ 150 ಸಿಸಿಯ ಬೈಕಿಗೆ ಅಂಥ ಚಾಸಿ ನಮ್ಮ ದೇಶದಲ್ಲಿ ಹೊಸ ಸಂಗತಿಯಾಗಿತ್ತು. ನನ್ನ ಆರ್‌ಸಿಯಲ್ಲಿ ಅದೇ ಕೆಲಸವನ್ನು ಸಣ್ಣ ಉಕ್ಕಿನ ಕೊಳವೆಗಳ ಜಾಲ ಮಾಡುತ್ತದೆ.

ಆದರೆ ಗಟ್ಟಿಯಾದಷ್ಟೂ ಒಳ್ಳೆಯದು ಎಂಬುದಕ್ಕೊಂದು ಮಿತಿಯಿದೆ. ಬೈಕು 45 ಡಿಗ್ರಿ ವಾಲಿರುವಾಗ ರಸ್ತೆಯ ಉಬ್ಬು ಸಿಕ್ಕಿದರೆ ಆ ಏಟು ಫೋರ್ಕಿನ ಉದ್ದಕ್ಕೆ ಬರುವುದಿಲ್ಲ, ಓರೆಯಾಗಿ ಪಕ್ಕದಿಂದ ಬರುತ್ತದೆ. ಪಕ್ಕದ ಏಟನ್ನು ಶಾಕ್ ತಡೆಯಲಾರದು. ಆಗ ಚಾಸಿಯೂ ಸ್ವಿಂಗ್ ಆರ್ಮೂ ಒಂದು ಎಳೆಯಷ್ಟು ಪಕ್ಕಕ್ಕೆ ಬಾಗಿ ಶಾಕಿನ ಕೆಲಸ ಮಾಡಬೇಕು. ಹಾಗಾಗಿ ಬ್ರೇಕ್ ಹಾಕುವಾಗ ಗಟ್ಟಿಯಾಗಿಯೂ ಪಕ್ಕಕ್ಕೆ ಸ್ವಲ್ಪ ಬಳುಕುವಂತೆಯೂ ಇರುವ ಚಾಸಿಯನ್ನು ಕಟ್ಟುವುದು ಈ ವಿದ್ಯೆಯ ಅತಿ ಕಷ್ಟದ ಭಾಗ. ಬಿದಿರಿನ ಗಳ ನೆನಪಾಗುತ್ತದೆ.

ಯೆಜ್ಡಿ ಪ್ಲಾಂಟರ್

ಬಿದಿರಿನ ಮಾತು ಚೆನ್ನಾಗಿದೆ. 1950ರಲ್ಲಿ ನಾರ್ಟನ್ ಕಂಪನಿಯವರು ಮೆಕ್ಯಾಂಡ್ಲೆಸ್ ಸಹೋದರರ ಹೊಸ ಚಾಸಿಯನ್ನು ಐಲ್ ಆಫ್ ಮ್ಯಾನ್ ರೇಸಿಗೆ ತಂದಾಗ, ಸವಾರರೊಬ್ಬರು ಅದನ್ನು ಗರಿ ಹಾಸಿಗೆಗೆ ಹೋಲಿಸಿದರು, ಫೆದರ್‌ಬೆಡ್ ಎಂಬ ಹೆಸರೇ ಉಳಿಯಿತು. ಎಂಜಿನ್ನಿನ ಶಕ್ತಿ ಹೆಚ್ಚಿದ್ದ ಎದುರಾಳಿಗಳ ಮುಂದೆ ಆ ಗಾಡಿ ತಿರುವುಗಳಲ್ಲಿ ಗೆದ್ದಿತು. ನಿಮ್ಮ ಫೇರಿಂಗಿಗೂ ಹಳೆಯ ಕಥೆಯಿದೆ. ಆ ದಶಕದಲ್ಲಿ ಮುಂದಿನ ಚಕ್ರವನ್ನೂ ಮುಚ್ಚುವ ದೊಡ್ಡ ಕವಚಗಳು ಬಂದವು. ನೇರ ರಸ್ತೆಯಲ್ಲಿ ಅವು ಹಾರುತ್ತಿದ್ದವು, ಅಡ್ಡಗಾಳಿ ಬೀಸಿದರೆ ಸವಾರನನ್ನೇ ಹಾರಿಸುತ್ತಿದ್ದವು. 1957ರ ಸಾಲಿನ ಬಳಿಕ ರೇಸಿನಲ್ಲಿ ಅವನ್ನು ನಿಷೇಧಿಸಿದರು. ಇವತ್ತಿನ ಫೇರಿಂಗು ಮುಂದಿನ ಚಕ್ರವನ್ನು ಬಿಟ್ಟುಕೊಟ್ಟಿರುವುದಕ್ಕೆ ಅದೇ ಕಾರಣ.

ಹಾಸನದ ಮೇಷ್ಟ್ರು

ತೂಕವನ್ನು ಎಲ್ಲಿಡುತ್ತಾರೆ ಎಂಬುದನ್ನೂ ಸೇರಿಸದಿದ್ದರೆ ಈ ಚರ್ಚೆ ಅಪೂರ್ಣವಾಗುತ್ತದೆ. 1992ರ ಹೋಂಡಾ ಫೈರ್‌ಬ್ಲೇಡ್ 893 ಸಿಸಿಯದಾಗಿದ್ದರೂ ಅದರ ಒಣತೂಕ 185 ಕಿಲೋ ಮಾತ್ರ. ಆ ಕಾಲದ ಅದೇ ವರ್ಗದ ಬೈಕುಗಳು 200 ಕಿಲೋ ದಾಟಿದ್ದವು. ವಿನ್ಯಾಸದ ಮುಂದಾಳು ತಡಾವೊ ಬಾಬಾ ಅವರು ಕುದುರೆ ಶಕ್ತಿಯ ಪೈಪೋಟಿಗಿಳಿಯದೆ ತೂಕದ ಬೆನ್ನು ಹತ್ತಿದರು. 1998ರ ಯಮಹಾ ಆರ್1 ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಗೇರ್‌ಬಾಕ್ಸಿನ ದಂಡಗಳನ್ನು ಒಂದರ ಹಿಂದೊಂದು ಇಡುವ ಬದಲು ಒಂದರ ಮೇಲೊಂದು ಜೋಡಿಸಿದ್ದರಿಂದ ಎಂಜಿನ್ನಿನ ಉದ್ದ ಕುಗ್ಗಿತು. ಉಳಿದ ಜಾಗದಲ್ಲಿ ಸ್ವಿಂಗ್ ಆರ್ಮನ್ನು ಉದ್ದ ಮಾಡಿದರು, ವೀಲ್‌ಬೇಸ್ ಮಾತ್ರ 1,395 ಮಿ.ಮೀ.ನಲ್ಲೇ ನಿಂತಿತು. ಸ್ವಿಂಗ್ ಆರ್ಮ್ ಉದ್ದವಿದ್ದರೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಅದರ ಕೋನ ಹೆಚ್ಚು ಬದಲಾಗುವುದಿಲ್ಲ, ಚೈನಿನ ಎಳೆತವೂ ಒಂದೇ ಸಮನಾಗಿರುತ್ತದೆ. ನಮ್ಮ ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310ರಲ್ಲಿ ಇದೇ ಉದ್ದೇಶಕ್ಕೆ ಸಿಲಿಂಡರನ್ನು ಹಿಂದಕ್ಕೆ ಒರಗಿಸಿ, ಗಾಳಿ ಮುಂದಿನಿಂದ ಒಳಬಂದು ಹೊಗೆ ಹಿಂದಿನಿಂದ ಹೊರಹೋಗುವಂತೆ ಎಂಜಿನ್ನನ್ನೇ ತಿರುಗಿಸಿಟ್ಟಿದ್ದಾರೆ. ನನಗೆ ವೈಯಕ್ತಿಕವಾಗಿ ಕುದುರೆ ಶಕ್ತಿಯ ಜಾಹೀರಾತಿಗಿಂತ ಇಂಥ ಜಾಗದ ಜಾಣತನವೇ ಹೆಚ್ಚು ಸೊಗಸಾಗಿ ಕಾಣುತ್ತದೆ.

ಕೋನ್‌ಸೆಟ್ ಅಣ್ಣ

ಇಳಿಜಾರಿನ ಬ್ರೇಕಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ತಮ್ಮಾ, ನಿನ್ನದು 2018ರ ಗಾಡಿಯಾದರೆ ಅದರಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರಲಾರದು. 125 ಸಿಸಿಗಿಂತ ಮೇಲಿನ ಎಲ್ಲ ಬೈಕುಗಳಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಮೇಷ್ಟ್ರೇ, ಬ್ರೇಕ್ ಹಿಡಿದಾಗ ಮುಂದೆ ಎಷ್ಟು ಭಾರ ಬೀಳುತ್ತದೆ ಎಂಬ ಲೆಕ್ಕ ಹೇಳಿ, ಹಿಂದಿನ ಬ್ರೇಕನ್ನೇ ನಂಬಿಕೊಂಡು ಘಾಟಿ ಇಳಿಯುವವರು ಬಹಳ ಜನ ಇದ್ದಾರೆ.

ಹಾಸನದ ಮೇಷ್ಟ್ರು

ಬೈಕು ಮತ್ತು ಸವಾರ ಸೇರಿ 210 ಕಿಲೋ, ಗುರುತ್ವಕೇಂದ್ರ ನೆಲದಿಂದ 60 ಸೆಂ.ಮೀ. ಎತ್ತರ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಸುಮಾರು 66 ಕಿಲೋ ಭಾರ ಹಿಂದಿನ ಚಕ್ರದಿಂದ ಮುಂದಿನದಕ್ಕೆ ಸರಿಯುತ್ತದೆ. ಮೊದಲು ಎರಡೂ ಕಡೆ ಸರಿಸಮವಾಗಿದ್ದ ಭಾರ, ಆ ಕ್ಷಣದಲ್ಲಿ ಮುಂದೆ 171, ಹಿಂದೆ 39 ಕಿಲೋ ಆಗುತ್ತದೆ. ಇಳಿಜಾರಿನಲ್ಲಿ ಹಿಂದಿನದು ಇನ್ನೂ ಕಡಿಮೆ. 39 ಕಿಲೋ ಹೊತ್ತ ಟೈರು ಎಷ್ಟು ಹಿಡಿದು ನಿಲ್ಲಿಸೀತು? ಮುಂದಿನ ಬ್ರೇಕು ದೊಡ್ಡದಾಗಿರುವುದು ಅದಕ್ಕೆ. ಆದರೆ ಅದನ್ನು ಒಮ್ಮೆಲೇ ಹಿಂಡಬಾರದು. ಭಾರ ಮುಂದಕ್ಕೆ ಬಂದು ಟೈರು ನೆಲಕ್ಕೆ ಒತ್ತಿಕೊಳ್ಳಲು ಅರೆಕ್ಷಣ ಕೊಟ್ಟು, ಆಮೇಲೆ ಹೆಚ್ಚಿಸಬೇಕು.

ಬ್ರೇಕಿನ ಜೊತೆಗೆ ಫೋರ್ಕು ಕುಗ್ಗುವುದರಿಂದ ರೇಕ್ ಕಡಿಮೆಯಾಗಿ, ಟ್ರೇಲೂ ಕಡಿಮೆಯಾಗಿ, ಬೈಕು ತಿರುವಿಗೆ ಸುಲಭವಾಗಿ ಇಳಿಯುತ್ತದೆ. ಅನುಭವಿಗಳು ತಿರುವಿನ ಬಾಗಿಲಿನವರೆಗೆ ಬ್ರೇಕನ್ನು ಹಗುರವಾಗಿ ಹಿಡಿದೇ ಹೋಗುವುದರ ಗುಟ್ಟು ಇದು. ಈಗಿನ ದೊಡ್ಡ ಬೈಕುಗಳಲ್ಲಿ ವಾಲಿರುವ ಕೋನವನ್ನು ಅಳೆದು ಬ್ರೇಕನ್ನೂ ಶಕ್ತಿಯನ್ನೂ ಹಿಡಿತದಲ್ಲಿಡುವ ಸಂವೇದಕಗಳಿವೆ. 2015ರ ಆರ್1ರಲ್ಲಿ ಆರು ಅಕ್ಷಗಳ ಚಲನೆ ಅಳೆಯುವ ಸಂವೇದಕ ಬಂತು. ನಿಮ್ಮ ಬೈಕಿನಲ್ಲಿ ಆ ಕೆಲಸ ನಿಮ್ಮ ಬೆರಳುಗಳದ್ದು.

ಮೂಡಿಗೆರೆ ಸವಾರ

ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. ಅಣ್ಣನವರ ಗ್ಯಾರೇಜಿಗೇ ಹೋಗಿದ್ದೆ. ಕೋನ್‌ಸೆಟ್ ಬಿಚ್ಚಿದಾಗ ಕೆಳಗಿನ ಬಟ್ಟಲಿನಲ್ಲಿ ಗುಂಡುಗಳು ಕೂತು ಕೂತು ಕೊರೆದ ಗುಳಿಗಳು ಬರಿಗಣ್ಣಿಗೆ ಕಾಣುತ್ತಿದ್ದವು. ಹೊಸದನ್ನು ಹಾಕಿಸಿ, ಲಿಂಕ್ ಪ್ಲೇಟನ್ನು ಕಂಪನಿಯದ್ದಕ್ಕೆ ಬದಲಿಸಿ, ಹಿಂದಕ್ಕೆ 140/70 ಟೈರನ್ನೇ ಮರಳಿ ತಂದೆ. ಫೋರ್ಕಿನ ಎಣ್ಣೆಯೂ ಕಪ್ಪಾಗಿತ್ತು, ಅದನ್ನೂ ಬದಲಿಸಿದರು.

ಭಾನುವಾರ ಬೆಳಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದೆ. ಮಂಜಿದ್ದರಿಂದ ವೇಗ 35 ದಾಟಲಿಲ್ಲ. ಆದರೂ ವ್ಯತ್ಯಾಸ ಮೊದಲ ತಿರುವಿನಲ್ಲೇ ತಿಳಿಯಿತು. ಹ್ಯಾಂಡಲ್ಲನ್ನು ತಳ್ಳಬೇಕಾಗಲಿಲ್ಲ, ನೋಡಿದ ಕಡೆಗೆ ಬೈಕು ಬಾಗಿತು. ಒಂದೇ ಒಂದು ತೊಂದರೆ ಉಳಿದಿದೆ. ಬೈಕು ಎತ್ತರವಾದದ್ದರಿಂದ ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಗಾಡಿ ಎಡಕ್ಕೆ ಬಹಳ ಒರಗುತ್ತದೆ. ಹಿಂದಿನ ಮಾಲೀಕರು ಅದನ್ನೂ ಕತ್ತರಿಸಿ ಬೆಸುಗೆ ಹಾಕಿಸಿದ್ದರು ಎಂದು ಕಾಣುತ್ತದೆ.

ಕೋನ್‌ಸೆಟ್ ಅಣ್ಣ

ಹಳೆಯ ಗಾಡಿಯದ್ದೊಂದು ಸ್ಟ್ಯಾಂಡ್ ನನ್ನ ಬಳಿ ಬಿದ್ದಿದೆ ತಮ್ಮಾ, ಬುಧವಾರ ಸಂತೆಗೆ ಬಂದಾಗ ತೆಗೆದುಕೊಂಡು ಹೋಗು. ಬರುವಾಗ ಚೈನಿನ ಬಿಗಿಯನ್ನೂ ಒಮ್ಮೆ ನೋಡೋಣ, ಹಿಂಭಾಗ ಎತ್ತರವಾದ ಮೇಲೆ ಅದರ ಸಡಿಲವೂ ಬದಲಾಗಿರುತ್ತದೆ.